ಸುಕುಮಾರಿಯ ಸೀಮಂತ

"ಇನ್ನು ಮೇಲೆ ಮೈಸೂರಲ್ಲಿ ಒಬ್ಬರೂ ತಳಿ ಆರಿಸೋಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ!" ಎಂದು ಘೋಷಿಸಿ, ಗುರುಮಲ್ಲಪ್ಪನವರು ಮೇಜಿನ ಮೇಲೆ ಹೊದಿಸಿದ್ದ ಬೆಡ್‌ಶೀಟನ್ನು ಸರ್ರನೆ ಎಳೆದರು.

ಅಡಿಯಿಂದ ಹೊರಬಂದದ್ದನ್ನು ನೋಡಿ ಅವರ ಹೆಂಡತಿ ದಾಕ್ಷಾಯಿಣಿಯವರು ಎರಡು ಹೆಜ್ಜೆ ಹಿಂದೆ ಸರಿದರು. ಒಂದು ಹಳೇ ಟ್ರಂಕು. ಅದರ ನೆತ್ತಿಗೆ ಮದುವೆಮನೆಯ ಲೌಡ್‌ಸ್ಪೀಕರ್ ಕೊಳವೆ, ಪಕ್ಕಕ್ಕೆ ಬಸ್ ಟಿಕೆಟ್ ಮುದ್ರಿಸುವ ಡಬ್ಬಿ, ಹಿಂದೆ ಛತ್ರದ ಆಳೆತ್ತರದ ಫ್ಯಾನು. ಮುಂದುಗಡೆ ಒಂದು ಕ್ಯಾಮೆರಾ ಕಣ್ಣು, ಕಣ್ಣಿನ ಕೆಳಗೆ ಸಾರಿನ ಸೌಟಿನಷ್ಟು ಉದ್ದದ, ತುದಿಗೆ ಇಕ್ಕಳವಿದ್ದ ಒಂಟಿ ಕೈ. ಕೈ ಮತ್ತು ಫ್ಯಾನು ಹೊಸದು. ಉಳಿದದ್ದೆಲ್ಲ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ರೀ, ಇದು ಅಟ್ಟದ ಮೇಲಿದ್ದ ಸಾಲಾವಳಿ ಮೆಷಿನ್ ಅಲ್ವೇನ್ರೀ?"

"ಆಗಿತ್ತು ಕಣೇ, ಆಗಿತ್ತು! ಈಗ ಇದರ ಹೆಸರು ತಳಿ ತಜ್ಞ. ಗಂಡು ಹೆಣ್ಣಿನ ಜಾತಕ ಕೂಡಿಸೋದೂ ಹೊಂದಾಣಿಕೆ, ಮನುಷ್ಯರಿಗೆ ಗಿಡ ಆರಿಸೋದೂ ಹೊಂದಾಣಿಕೆ. ಲೆಕ್ಕ ಎಲ್ಲಾ ಒಂದೇ! ಗಂಡು ಹೆಣ್ಣು ಅಂತ ಇದ್ದ ಕಡೆ ರೋಗಿ, ಗಿಡ ಅಂತ ಬದಲಾಯಿಸಿದೆ, ಅಷ್ಟೆ."

"ಎಲ್ಲಾ ಕಡೆ ಬದಲಾಯಿಸಿದೀರಾ?"

"ಬಹುಪಾಲು," ಎಂದರು ಗುರುಮಲ್ಲಪ್ಪನವರು.

ಮೂವತ್ತೈದು ವರ್ಷದ ಸಂಸಾರದಲ್ಲಿ ದಾಕ್ಷಾಯಿಣಿಯವರು ಈ 'ಬಹುಪಾಲು' ಎಂಬ ಮಾತಿಗೆ ಹೆದರಿದಷ್ಟು ಹಾವು ಚೇಳಿಗೂ ಹೆದರಿದವರಲ್ಲ. ಬಹುಪಾಲು ಸರಿಯಾಗಿದ್ದ ಗೀಸರು ಅವರ ಅತ್ತೆಯ ಹುಬ್ಬು ಸುಟ್ಟಿತ್ತು. ಬಹುಪಾಲು ಮುಗಿದಿದ್ದ ರೊಟ್ಟಿ ತಟ್ಟುವ ಯಂತ್ರ ಎದುರುಮನೆಯ ಕಿಟಕಿಯೊಳಕ್ಕೆ ಹನ್ನೆರಡು ರೊಟ್ಟಿ ಎಸೆದಿತ್ತು. ಇನ್ನು ಈ ಸಾಲಾವಳಿ ಮೆಷಿನ್ನಂತೂ ಅವರ ಒಬ್ಬಳೇ ಮಗಳು ನೀಲಾಂಬಿಕಾ ತಾನಾಗಿ ಮೆಚ್ಚಿದ್ದ ರೇವಣ್ಣನ ಜಾತಕ ನೋಡಿ, ಬೀಗರಾಗುವವರು ಕಾಫಿ ಲೋಟ ಹಿಡಿದು ಕೂತಿರುವಾಗಲೇ, "ಮೂವತ್ತಾರಕ್ಕೆ ಒಂಬತ್ತು ಗುಣ! ಈ ಸಂಬಂಧ ಬೇಡ!" ಎಂದು ಇಡೀ ಸುಣ್ಣದಕೇರಿಗೆ ಕೇಳುವಂತೆ ಕೂಗಿತ್ತು. ನೀಲಿ ಅದಕ್ಕೆ ಸೊಪ್ಪು ಹಾಕಲಿಲ್ಲ. ಮದುವೆ ನಿಶ್ಚಯವಾಯಿತು, ಮೆಷಿನ್ನು ಅಟ್ಟ ಸೇರಿತು. ಈಗ ನೋಡಿದರೆ ಕೈ ಬೇರೆ ಬೆಳೆಸಿಕೊಂಡು ಕೆಳಗಿಳಿದಿದೆ!

ಈ ದಂಪತಿ ಬದುಕಿದ್ದೇ ಊರಿನವರ ಮದುವೆಗಳಿಂದ. ಗಂಡನದು ಮೈಕ್‌ಸೆಟ್ಟು, ಹೆಂಡತಿಯದು ಮೊಗ್ಗಿನ ಜಡೆ. ನಲವತ್ತು ವರ್ಷದಿಂದ ಮೈಸೂರಿನ ಮದುಮಗಳೆಂದರೆ ಬೆನ್ನ ಮೇಲೆ ದಾಕ್ಷಾಯಿಣಿಯವರು ಹೊಲಿದ ಜಡೆ ಇರಲೇಬೇಕು. ಅವರ ತಾಯಿ ಕಲಿಸಿಕೊಟ್ಟ 'ನವಿಲುಗಣ್ಣು' ಎಂಬ ಒಂದು ಕಟ್ಟು ಮಾತ್ರ ಅವರು ಯಾರಿಗೂ ಹೊಲಿದಿರಲಿಲ್ಲ. ಅದು ನೀಲಿಯ ಮದುವೆಗೆ ಮೀಸಲು. ಈಗ ಮದುವೆ ವೈಶಾಖದಲ್ಲಿ ಎಂದು ಗೊತ್ತಾಗಿದೆ, ಬೆರಳುಗಳು ಮುಷ್ಕರ ಹೂಡಿವೆ. ಗಂಟುಗಂಟಾಗಿ ಊದಿಕೊಂಡು, ಸೂಜಿ ಹಿಡಿದರೆ ಭುಜದವರೆಗೂ ಚುಳಕ್ಕೆನ್ನುತ್ತವೆ. ಮಾತ್ರೆ ನುಂಗಿದರೆ ಹೊಟ್ಟೆ ಉರಿ.

"ಅಮ್ಮ, ಜಡೆ ಇಲ್ದಿದ್ರೂ ಮದುವೆ ಆಗುತ್ತೆ," ಎಂದಿದ್ದಳು ನೀಲಿ.

"ಊರಿಗೆಲ್ಲಾ ಜಡೆ ಹೊಲಿದು ನಿನ್ನನ್ನ ಬರೀ ತಲೇಲಿ ಧಾರೆ ಎರೆದುಕೊಡ್ಲಾ? ಹಾಗಾದ್ರೆ ಈ ಕೈ ಇದ್ದು ಏನು ಪ್ರಯೋಜನ?" ಎಂದು ತಾಯಿ ಅತ್ತಿದ್ದರು.

ಆಟೋಗಳು ಡ್ರೈವರಿಲ್ಲದೆ ಓಡಲು ಕಲಿತು, ಆದರೂ ಮೀಟರ್ ಹಾಕಲು ಒಪ್ಪದೆ ಇದ್ದ ಕಾಲ ಅದು. ಹೊಸ ಕಾನೂನೊಂದು ಬಂದಿತ್ತು. ಹಿಂದೆ ಭಂಗಿ ಗಿಡ ಎಂದರೆ ಪೊಲೀಸರು ಬರುತ್ತಿದ್ದರು. ಈಗ ಕೀಲುನೋವಿನವರು ಪರವಾನಗಿ ಪಡೆದು ಅದೇ ಗಾಂಜಾವನ್ನು ಮನೆಯ ಕುಂಡದಲ್ಲಿ ಬೆಳೆಸಬಹುದು. ಮನೆಗೊಂದೇ ಬೀಜ, ವರ್ಷಕ್ಕೊಂದೇ ಸಲ. ಹೂವನ್ನು ಮನೆಮದ್ದು ಇಲಾಖೆಯವರೇ ಬಂದು ಕತ್ತರಿಸಿ, ಅಷ್ಟಕ್ಕೆ ಸರಿಯಾಗಿ ಕೀಲಿಗೆ ಹಚ್ಚುವ ಎಣ್ಣೆಯನ್ನು ಅಲ್ಲೇ ಕೈಗಿಡುತ್ತಾರೆ. ಮನೆಯವರು ಒಂದು ಹೂ ಕಿತ್ತರೂ ಇಡೀ ಗಿಡ ಜಪ್ತಿ.

ಇಲಾಖೆಯ ಇನ್‌ಸ್ಪೆಕ್ಟರ್ ಫಿಲೋಮಿನಾ ಮೇಡಂ ಇಪ್ಪತ್ತನಾಲ್ಕು ತಳಿಯ ಬೀಜಗಳಿದ್ದ ಮಾದರಿ ಡಬ್ಬಿ ಕೊಡುವಾಗ ಬಿಡಿಸಿ ಹೇಳಿದ್ದರು. "ಅಮ್ಮಾ, ಮೊದಲನೇ ಸಲ ಬೆಳೆಸೋರು ಸುಮ್ನೆ ಗಟ್ಟಿಗಿತ್ತಿ ತಗೊಳ್ಳಿ. ಕುಳ್ಳಗಿರುತ್ತೆ, ಬೇಗ ಹೂ ಬಿಡುತ್ತೆ, ಒಂದಿನ ನೀರು ಮರೆತ್ರೂ ಮುನಿಸಿಕೊಳ್ಳಲ್ಲ. ಗಗನಗಾಮಿ ಬೇಡ, ತಾರಸಿ ದಾಟುತ್ತೆ. ಸುಕುಮಾರಿ ಅಂತೂ ಮುಟ್ಟಲೇಬೇಡಿ! ಹತ್ತು ವರ್ಷದಿಂದ ಗಿಡ ಸಾಕಿದೋರಿಗೇ ಅದು ಅಳು ತರಿಸುತ್ತೆ. ಎಲ್ಲಾ ಹೆಣ್ಣು ಬೀಜಾನೇ. ಸಾವಿರಕ್ಕೆ ಹತ್ತು ಗಂಡು ಹುಟ್ಟಿಬಿಡುತ್ತೆ, ಅದನ್ನ ಕಿತ್ತು ನಮಗೆ ಕೊಡ್ಬೇಕು. ಯಾಕಂದ್ರೆ ಗಂಡಿನ ಗಾಳಿ ಸೋಕಿದ್ರೆ ಹೂವೆಲ್ಲಾ ಬೀಜ ಕಟ್ಟಿಬಿಡುತ್ತೆ, ಮದ್ದು ಹೋಯ್ತು ಅಂತ್ಲೇ ಲೆಕ್ಕ. ಒಂದು ಆರಿಸಿಕೊಂಡು ಉಳಿದದ್ದನ್ನ ಸೀಲ್ ಮಾಡಿ ವಾಪಸ್ ಕೊಡಿ."

ಇಷ್ಟು ಕೇಳಿದ ಮೇಲೆ ಆರಿಸಲು ಯಂತ್ರ ಯಾಕೆ ಬೇಕು? ಆ ಪ್ರಶ್ನೆಯನ್ನು ಗುರುಮಲ್ಲಪ್ಪನವರಿಗೆ ಕೇಳಿ ಪ್ರಯೋಜನವಿಲ್ಲ.

ಅವರು ಗುಂಡಿ ಒತ್ತಿದರು. ಕೊಳವೆಯಿಂದ ಎರಡು ಸುತ್ತು ನಾದಸ್ವರ ಬಂತು. ಆಮೇಲೆ ಛತ್ರದ ಅನೌನ್ಸರನ ದನಿ.

"ನಮಸ್ಕಾರ. ಹುಡುಗನ ಹೆಸರು?"

"ಹುಡುಗ ಅಲ್ಲಪ್ಪ, ನಾನು ರೋಗಿ!" ಎಂದರು ದಾಕ್ಷಾಯಿಣಿಯವರು.

"ಹುಡುಗನಿಗೆ ಏನು ರೋಗ?"

"ಬೆರಳು ನೋವು."

"ಮುಚ್ಚಿಡದೆ ಹೇಳಿದ್ದಕ್ಕೆ ಧನ್ಯವಾದ. ಹುಡುಗನಿಗೆ ಸ್ವಂತ ಮನೆ ಇದೆಯೇ?"

"ರೀ! ಏನ್ರೀ ಇದು?"

"ಮೊದಮೊದಲು ಹಾಗೇ ಕಣೇ, ಆಮೇಲೆ ಸರಿಹೋಗುತ್ತೆ. ಇದೆ ಅಂತ ಹೇಳು."

ಇಕ್ಕಳದ ಕೈ ಮಾದರಿ ಡಬ್ಬಿಯಿಂದ ಒಂದೊಂದೇ ಪೊಟ್ಟಣ ಎತ್ತಿ ಕಣ್ಣಿನ ಮುಂದೆ ಹಿಡಿಯಿತು. ಪೊಟ್ಟಣ ಕಟ್ಟಿದ ದಿನ ಮತ್ತು ಗಳಿಗೆಯಿಂದ ಬೀಜಕ್ಕೆ ಜಾತಕ ಹಾಕುವುದು ಗುರುಮಲ್ಲಪ್ಪನವರ ಸ್ವಂತ ಸಂಶೋಧನೆ.

"ಗಟ್ಟಿಗಿತ್ತಿ. ಎತ್ತರ ಎರಡೂವರೆ ಅಡಿ. ಹುಡುಗಿ ಕುಳ್ಳಿ. ಗುಣ ಹನ್ನೊಂದು. ಮುಂದೆ."

"ಏಯ್, ನನಗೆ ಅದೇ ಬೇಕು!"

"ಹುಡುಗನ ಅಭಿಪ್ರಾಯ ಆಮೇಲೆ ಕೇಳಲಾಗುವುದು. ಗಗನಗಾಮಿ. ಒಂಬತ್ತು ಅಡಿ. ಜೋಡಿ ಫೋಟೋ ಚೆನ್ನಾಗಿ ಬರುವುದಿಲ್ಲ. ಮುಂದೆ. ನಿದ್ರಾಸುಂದರಿ. ಮನೆಗೆಲಸ ಮಾಡುವುದು ಅನುಮಾನ. ಮುಂದೆ. ಹಿಮಗಿರಿ. ಸಗೋತ್ರ."

"ಅದು ಹೇಗಯ್ಯಾ ಸಗೋತ್ರ?" ಎಂದು ಗುರುಮಲ್ಲಪ್ಪನವರಿಗೇ ಆಶ್ಚರ್ಯ.

"ಹುಡುಗನ ಗೋತ್ರ ಖಾಲಿ ಬಿಡಲಾಗಿದೆ. ಹುಡುಗಿಯದೂ ಖಾಲಿ. ಎರಡೂ ಒಂದೇ."

ಹೀಗೇ ಒಂದು ಗಂಟೆ ಹೆಣ್ಣು ನೋಡುವ ಶಾಸ್ತ್ರ ನಡೆಯಿತು. ಒಂದು ಹುಡುಗಿಗೆ ಮಂಗಳದೋಷ, ಇನ್ನೊಂದಕ್ಕೆ ಅಣ್ಣತಮ್ಮಂದಿರಿಲ್ಲ, ಮತ್ತೊಂದರ ತಾಯಿಬೇರಿನ ವಿಚಾರ ಸರಿಯಿಲ್ಲ. ಕೊನೆಗೆ ಕೊಳವೆ ಗದ್ಗದವಾಯಿತು. "ಸುಕುಮಾರಿ! ಗುಣ ಮೂವತ್ತನಾಲ್ಕೂವರೆ! ಬಂಧುಗಳೇ, ಸಂಬಂಧ ಕೂಡಿಬಂದಿದೆ!"

"ಬೇಡ! ಅದನ್ನ ಮುಟ್ಟಬೇಡಿ ಅಂದಿದಾರೆ!" ದಾಕ್ಷಾಯಿಣಿಯವರು ಕೈ ಚಾಚುವಷ್ಟರಲ್ಲಿ ಇಕ್ಕಳ ಆ ಬೀಜವನ್ನು ಕುಂಡದ ಮಣ್ಣಿಗೆ ಒತ್ತಿಬಿಟ್ಟಿತ್ತು. ಊದಿದ ಬೆರಳು ಯಂತ್ರದ ವೇಗಕ್ಕೆ ಹೇಗೆ ಸಮ ಬರಬೇಕು? ಮರುಕ್ಷಣವೇ ಉಳಿದ ಇಪ್ಪತ್ತಮೂರು ಪೊಟ್ಟಣ ಡಬ್ಬಿಗೆ ಹೋಗಿ, ಮುಚ್ಚಳದ ಮೇಲೆ ಸೀಲೂ ಬಿತ್ತು. ಸೀಲು ಒಡೆದರೆ ಪರವಾನಗಿ ರದ್ದು.

"ಇಷ್ಟು ಬೇಗ ಯಾವ ಮದುವೆ ಬ್ರೋಕರ್ ತಾನೇ ಕುದುರಿಸ್ತಾನೆ ಹೇಳು!" ಎಂದು ಗುರುಮಲ್ಲಪ್ಪನವರು ಹಿಗ್ಗಿದರು. ದಾಕ್ಷಾಯಿಣಿಯವರು ಅಡುಗೆಮನೆಗೆ ಹೋಗಿ ಅತ್ತುಬಂದರು.

ಆದರೂ ಬಿತ್ತಿದ ಮೇಲೆ ಬಿಡುವುದುಂಟೇ? ಅವರು ಸುಕುಮಾರಿಯನ್ನು ತಾರಸಿಯ ಹಿಂಭಾಗದಲ್ಲಿ ತಗಡಿನ ನೆರಳಿಗೆ ಇಟ್ಟು ಕೂಸಿನಂತೆ ಸಾಕಿದರು. ಎಂಥ ಹಟಮಾರಿ ಗಿಡ ಅದು! ನೀರು ಒಂದು ಲೋಟ ಹೆಚ್ಚಾದರೆ ಎಲೆ ಜೋತುಬೀಳುತ್ತಿತ್ತು, ಕಡಿಮೆಯಾದರೆ ಹಳದಿಗೆ ತಿರುಗುತ್ತಿತ್ತು. ಮಧ್ಯಾಹ್ನ ಕೊಡೆ ಹಿಡಿಯಬೇಕು, ಬೆಳಿಗ್ಗೆ ಕೊಡೆ ತೆಗೆಯಬೇಕು. ಒಗ್ಗರಣೆಯ ಹೊಗೆ ಆ ಕಡೆ ಹೋಯಿತೆಂದು ಮನೆಯಲ್ಲಿ ಎರಡು ತಿಂಗಳು ಸಾಸಿವೆ ಸಿಡಿಸಲಿಲ್ಲ. ಯಂತ್ರವೂ ತಾರಸಿಗೆ ಬಂತು. ಫ್ಯಾನು ಬೀಸುವುದು ಮತ್ತು ನೀರು ತೊಟ್ಟಿಕ್ಕಿಸುವುದು ಅದರ ಕೆಲಸ.

ಶಿವರಾತ್ರಿಯ ಹೊತ್ತಿಗೆ ಗಿಡ ಸೊಂಟದುದ್ದ ಬೆಳೆದು ನಿಂತಿತು. ಫಿಲೋಮಿನಾ ಮೇಡಂ ನೋಡಿ, "ಅಮ್ಮಾ, ಇದನ್ನ ಇಷ್ಟು ಚೆನ್ನಾಗಿ ಬೆಳೆಸಿದೋರನ್ನ ನಾನು ಕಂಡೇ ಇಲ್ಲ. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಎಣ್ಣೆ ಸಿಗುತ್ತೆ," ಎಂದರು. ಆ ದಿನ ದಾಕ್ಷಾಯಿಣಿಯವರು ಸೂಜಿಪೆಟ್ಟಿಗೆಯ ಧೂಳು ಒರೆಸಿದರು. ನವಿಲುಗಣ್ಣಿಗೆ ಎಷ್ಟು ಸಾಲು ಮೊಗ್ಗು ಬೇಕೆಂದು ಮನಸ್ಸಿನಲ್ಲೇ ಎಣಿಸುತ್ತಾ ತಮಗೆ ತಾವೇ ನಕ್ಕರು.

ಮಾರನೆಯ ದಿನ ಬೆಳಿಗ್ಗೆ ಸುಕುಮಾರಿಯ ಗೆಣ್ಣುಗಳಲ್ಲಿ ಬಿಳಿಯ ಕೂದಲೆಳೆಯಂಥ ಹೂಗುರುತು ಕಾಣಿಸಿತು. ಯಂತ್ರದ ಕಣ್ಣು ಎರಡು ಸಲ ಮಿಟುಕಿತು.

"ಸಮಸ್ತ ಬಂಧುಗಳಿಗೆ ತಿಳಿಸುವುದೇನೆಂದರೆ, ನಮ್ಮ ಮನೆಯ ಹುಡುಗಿ ದೊಡ್ಡವಳಾಗಿದ್ದಾಳೆ! ಎಲ್ಲರೂ ಬಂದು ಆರತಿ ಮಾಡಿ ಹರಸಬೇಕು!"

ಸುಣ್ಣದಕೇರಿಯಲ್ಲಿ ಕರೆದ ಮೇಲೆ ಹೋಗದೇ ಇರುವ ಹೆಂಗಸರಿಲ್ಲ. ಅರ್ಧ ಗಂಟೆಯಲ್ಲಿ ಹನ್ನೊಂದು ಜನ ಆರತಿತಟ್ಟೆ ಹಿಡಿದು ಬಂದರು. ಎದುರುಮನೆಯ ಪುಟ್ತಾಯಮ್ಮ ಎಳ್ಳುಬೆಲ್ಲದ ಚಿಗಳಿ ಉಂಡೆಯನ್ನೇ ತಂದಿದ್ದರು.

"ಅಲ್ಲಾ ದಾಕ್ಷಾಯಿಣಿ, ನೀಲಿಗೆ ಇಪ್ಪತ್ತೇಳು ನಡೀತಾ ಇದೆ. ಈಗಲಾ?" ಎಂದು ಪುಟ್ತಾಯಮ್ಮ ಕಿವಿಯಲ್ಲಿ ಕೇಳಿದರು.

"ನೀಲಿ ಅಲ್ರೀ, ಗಿಡ!"

"ಗಿಡಾನಾ? ಸರಿ, ತಂದಿರೋ ತಟ್ಟೆ ವಾಪಸ್ ತಗೊಂಡು ಹೋಗಬಾರದು," ಎಂದು ಪುಟ್ತಾಯಮ್ಮ ತಾರಸಿ ಹತ್ತಿ ಸುಕುಮಾರಿಗೇ ಆರತಿ ಎತ್ತಿ ಬುಡಕ್ಕೆ ಉಂಡೆ ಇಟ್ಟರು. ನೀಲಿ ಕೋಣೆ ಬಾಗಿಲು ಹಾಕಿಕೊಂಡವಳು ಊಟಕ್ಕೂ ಬರಲಿಲ್ಲ.

ಆರತಿ ಏನೋ ಮುಗಿಯಿತು. ಆದರೆ ಹುಡುಗಿ ದೊಡ್ಡವಳಾದ ಮೇಲೆ ಮುಂದಿನ ಕೆಲಸ ಏನೆಂದು ಯಂತ್ರದ ಹಳೇ ಹೊಟ್ಟೆಯಲ್ಲಿ ಬರೆದೇ ಇತ್ತಲ್ಲ! ಗುರುಮಲ್ಲಪ್ಪನವರು ಅದನ್ನು ಬದಲಾಯಿಸಿರಲಿಲ್ಲ. ಬಹುಪಾಲಿನಲ್ಲಿ ಅದು ಸೇರಿರಲಿಲ್ಲ. ಯಂತ್ರ ಸದ್ದಿಲ್ಲದೆ ಊರಿನ ಪರವಾನಗಿದಾರರೆಲ್ಲರ ಫೋನಿಗೂ ಒಂದು ಸಂದೇಶ ಕಳಿಸಿತು. "ವರ ಬೇಕಾಗಿದೆ. ಕನ್ಯೆ ಸುಕುಮಾರಿ, ಹಸಿರು ಮೈಬಣ್ಣ, ಸಂಪ್ರದಾಯಸ್ಥ ಮನೆತನ. ಆಸಕ್ತರು ಭಾನುವಾರ ಹತ್ತು ಗಂಟೆಗೆ ಗಿಡಸಮೇತ ಬರಬೇಕು."

ಭಾನುವಾರ ಬಾಗಿಲು ತೆರೆದ ದಾಕ್ಷಾಯಿಣಿಯವರಿಗೆ ಬೀದಿಯಲ್ಲಿ ಏಳು ಆಟೋ ಕಂಡವು. ಏಳರಲ್ಲೂ ಕುಂಡ. ಒಂದು ಕುಂಡಕ್ಕೆ ಜರಿ ಪೇಟ ಸುತ್ತಿದ್ದರು.

"ನಾನು ಇಟ್ಟಿಗೆಗೂಡಿನ ಜವರಪ್ಪ, ರಿಟೈರ್ಡ್ ಡ್ರಿಲ್ ಮೇಷ್ಟ್ರು," ಎಂದು ಮೊದಲಿನವರು ಹಣ್ಣಿನ ತಟ್ಟೆ ಮುಂದೆ ಹಿಡಿದರು. "ಇವನು ನಮ್ಮ ಹುಡುಗ. ಗಂಡು ಅಂತ ಗೊತ್ತಾದ ತಕ್ಷಣ ಕಿತ್ತು ಕೊಡಿ ಅಂದ್ರು ಇಲಾಖೆಯೋರು. ಮನಸ್ಸು ಬರ್ಲಿಲ್ಲ ಕಣ್ರೀ! ನಾನೇ ಕೈಯಾರೆ ಸಾಕಿದ್ದು. ನಿಮ್ಮ ಮೆಸೇಜು ಬಂದಾಗ ದೇವ್ರೇ ದಾರಿ ತೋರಿಸ್ದ ಅನ್ನಿಸ್ತು."

"ದಮ್ಮಯ್ಯ, ಆ ಗಿಡ ಒಳಗೆ ತರಬೇಡಿ! ಇಲ್ಲಿಂದ ತಗೊಂಡು ಹೋಗಿ!" ಎಂದು ದಾಕ್ಷಾಯಿಣಿಯವರು ಅಡ್ಡ ನಿಂತರು. ಬಾಗಿಲು ಹಾಕಿ ಅಗುಳಿ ಜಡಿದು, ಉಳಿದ ಆರು ಬೀಗರನ್ನು ಕಿಟಕಿಯಿಂದಲೇ ಬೈದು ಕಳಿಸಿದರು. ಉಸ್ಸೆಂದು ತಿರುಗಿ ನೋಡಿದರೆ ಹಿತ್ತಿಲ ಮೆಟ್ಟಿಲಿನ ಮೇಲಿಂದ ಗಂಡನ ದನಿ.

"ಬನ್ನಿ ಮೇಷ್ಟ್ರೇ, ಬನ್ನಿ! ಮನೆಗೆ ಬಂದೋರನ್ನ ಕಾಫಿ ಕೊಡದೆ ಕಳಿಸೋಕಾಗುತ್ತಾ? ನನ್ನ ಮೆಷಿನ್ನು ನೋಡಿ ಹೋಗಿ!"

ದಾಕ್ಷಾಯಿಣಿಯವರು ಏದುಸಿರು ಬಿಡುತ್ತಾ ತಾರಸಿಗೆ ಓಡಿದರು. ಜವರಪ್ಪ ಮೇಷ್ಟ್ರು ಪೇಟದ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಗಂಡು ಗಿಡದ ತುಂಬ ಪುಟ್ಟ ಪುಟ್ಟ ಗೊಂಚಲು ಬಿರಿಯಲು ಸಿದ್ಧವಾಗಿ ತೂಗುತ್ತಿದ್ದವು. ಯಂತ್ರ ಅದನ್ನೇ ದಿಟ್ಟಿಸುತ್ತಿತ್ತು.

"ಮೂವತ್ತಾರು! ಮೂವತ್ತಾರಕ್ಕೆ ಮೂವತ್ತಾರು ಗುಣ! ಮುಹೂರ್ತ ಇದೇ ಗಳಿಗೆ!"

"ರೀ, ಪ್ಲಗ್ಗು ಕೀಳ್ರೀ!"

"ಯಾವ ಪ್ಲಗ್ಗೇ? ಬ್ಯಾಟರಿಗೆ ಹಾಕಿದೀನಿ, ಕರೆಂಟು ಹೋದ್ರೆ ಗಿಡಕ್ಕೆ ಸೆಖೆ ಆಗುತ್ತೆ ಅಂತ!"

"ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೊಳವೆ ಅಬ್ಬರಿಸಿತು. ಡೋಲು ನಾದಸ್ವರ ಒಟ್ಟಿಗೆ ಮೊಳಗಿದವು. ಛತ್ರದ ಫ್ಯಾನು ಪೂರ್ತಿ ವೇಗಕ್ಕೆ ಏರಿತು. ಮೇಷ್ಟ್ರ ತೊಡೆಯ ಮೇಲಿನ ಗಂಡಿನಿಂದ ಹಳದಿ ಧೂಳು ಭುಸ್ಸನೆ ಎದ್ದು, ಅಕ್ಷತೆಯ ಹಾಗೆ ಸುಕುಮಾರಿಯ ಮೈತುಂಬ ಸುರಿಯಿತು. ದಾಕ್ಷಾಯಿಣಿಯವರು ಸೆರಗು ಬಿಚ್ಚಿ ಗಿಡಕ್ಕೆ ಅಡ್ಡ ಹಿಡಿದರು. ಸೆರಗೂ ಹಳದಿಯಾಯಿತು. ಮೇಷ್ಟ್ರು ಕಣ್ಣೊರೆಸಿಕೊಂಡು, "ಚೆನ್ನಾಗಿ ಬಾಳಲಿ," ಎಂದರು.

ದಾಕ್ಷಾಯಿಣಿಯವರು ನೆಲಕ್ಕೆ ಕುಸಿದು ತಮ್ಮ ಎರಡೂ ಕೈಗಳನ್ನು ನೋಡುತ್ತಾ ಕೂತರು. ಈ ವರ್ಷದ ಒಂದೇ ಬೀಜ, ಒಂದೇ ಗಿಡ, ಒಂದೇ ಆಸೆ ಹೋಗಿಯೇಬಿಟ್ಟಿತ್ತು. ಮಗಳ ತಲೆ ಬರಿದಾಯಿತು.

ಮಾರನೆಯ ದಿನ ಫಿಲೋಮಿನಾ ಮೇಡಂ ಬಂದು ಭೂತಗನ್ನಡಿ ಹಿಡಿದು ಹೂವೊಂದೊಂದನ್ನೂ ನೋಡಿದರು. ಮುಖ ಸಪ್ಪಗಾಗಿತ್ತು. "ಎಲ್ಲಾ ಬೀಜ ಕಟ್ಟುತ್ತೆ ಅಮ್ಮಾ. ತಡೀರಿ... ನೀರಿನ ಡ್ರಮ್ಮಿನ ಮರೆಗಿದ್ದ ಈ ಆರು ಹೂವಿಗೆ ಮಾತ್ರ ಧೂಳು ತಾಕಿಲ್ಲ. ಇದರಿಂದ ಬರೋ ಎಣ್ಣೆ ಒಂದು ದಿನಕ್ಕೆ, ಎರಡು ಕೈಗೆ ಸಾಕಾಗಬಹುದು."

"ಒಂದು ದಿನ ಸಾಕು ಮೇಡಂ! ಒಂದೇ ಒಂದು ದಿನ ಸಾಕು!"

"ಹಾಗಾದ್ರೆ ಮದುವೆ ಹಿಂದಿನ ದಿನ ಬೆಳಿಗ್ಗೆ ಒಂಬತ್ತಕ್ಕೆ ಎಣ್ಣೆ ಜೊತೇಲೇ ತರ್ತೀನಿ. ಬಿಸಿಲು ಏರ್ತಾ ಇದೆ, ಫ್ಯಾನ್ ನಿಲ್ಲಿಸಿದ್ರೆ ಸುಕುಮಾರಿ ಎರಡೇ ದಿನಕ್ಕೆ ಸುಟ್ಟುಹೋಗುತ್ತೆ. ಮತ್ತೆ ನೆನಪಿರಲಿ, ಕತ್ತರಿಸೋದು ನಾನೇ. ನೀವು ಯಾರೂ ಮುಟ್ಟಬಾರದು."

ಹಾಗಾಗಿ ಸುತ್ತಿಗೆ ಹಿಡಿದು ತಾರಸಿ ಹತ್ತಿದ್ದ ದಾಕ್ಷಾಯಿಣಿಯವರು ಯಂತ್ರವನ್ನು ಒಡೆಯದೆ ಇಳಿದುಬಂದರು. ಗುರುಮಲ್ಲಪ್ಪನವರು ಹೆಂಡತಿಯ ಮುಖ ನೋಡಲಾರದೆ ಲೌಡ್‌ಸ್ಪೀಕರಿನ ತಂತಿ ಕಿತ್ತುಹಾಕಿದರು. ಇನ್ನು ಅದು ಮಾತಾಡುವಂತಿಲ್ಲ, ಬೇಕಾದರೆ ಟಿಕೆಟ್ ಡಬ್ಬಿಯಿಂದ ಚೀಟಿ ಮುದ್ರಿಸಬಹುದು, ಅಷ್ಟೆ.

ಮುಂದಿನ ಎರಡು ತಿಂಗಳು ದಾಕ್ಷಾಯಿಣಿಯವರು ದಿನಾ ಮಧ್ಯಾಹ್ನ ಗಿಡದ ಪಕ್ಕದಲ್ಲೇ ಕೂತು ಅಭ್ಯಾಸ ಮಾಡಿದರು. ಮೊಗ್ಗಿನ ಬದಲು ಹತ್ತಿಯ ಉಂಡೆ, ಬಾಳೆಪಟ್ಟೆಯ ಬದಲು ರಟ್ಟು. ನವಿಲುಗಣ್ಣಿನ ಎರಡು ಸಾಲು ಮುಗಿಯುವಷ್ಟರಲ್ಲಿ ಬೆರಳು ಸೆಟೆದುಕೊಂಡು ಕಣ್ಣಲ್ಲಿ ನೀರು ಬರುತ್ತಿತ್ತು. ಮತ್ತೆ ಬಿಚ್ಚಿ, ಮತ್ತೆ ಹೊಲಿದು, ಯಾವ ಮೊಗ್ಗಿನ ಪಕ್ಕ ಯಾವ ಮೊಗ್ಗು ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಯಂತ್ರದ ಕಣ್ಣು ಅವರ ಕೈಯನ್ನೇ ನೋಡುತ್ತಿತ್ತು. ಅವರು ಅದನ್ನು ಗಮನಿಸಲಿಲ್ಲ. ಸುಕುಮಾರಿಯೂ ದಿನದಿನಕ್ಕೆ ಬೀಜ ತುಂಬಿ ಮೈಕೈ ದಪ್ಪವಾಗಿ ಬಾಗುತ್ತಿದ್ದಳು.

ಮದುವೆಯ ಹಿಂದಿನ ದಿನ ಬೆಳಗಾಯಿತು. ದೇವರಾಜ ಮಾರುಕಟ್ಟೆಯಿಂದ ಎರಡು ಬುಟ್ಟಿ ಮಲ್ಲಿಗೆ ಮೊಗ್ಗು ಬಂದವು. ಒದ್ದೆ ಬಟ್ಟೆ ಮುಚ್ಚಿ, ತಂಪಿಗೆಂದು ಗುರುಮಲ್ಲಪ್ಪನವರು ಅವನ್ನು ಫ್ಯಾನಿನ ಪಕ್ಕ ಇಟ್ಟರು. ಜರಿದಾರ, ಸೂಜಿ, ಬಾಳೆಪಟ್ಟೆ ಎಲ್ಲವನ್ನೂ ದಾಕ್ಷಾಯಿಣಿಯವರು ಅಲ್ಲೇ ಜೋಡಿಸಿದರು. ಎಣ್ಣೆ ಒಂಬತ್ತಕ್ಕೆ ಬಂದರೆ ಸಂಜೆ ಮೊಗ್ಗು ಬಿರಿಯುವುದರೊಳಗೆ ಜಡೆ ಮುಗಿಯುತ್ತದೆ. ಅವರು ಸ್ನಾನ ಮಾಡಿ, ಕೈಮುಗಿದು, ಬೀಗರ ಕಡೆಯವರಿಗೆ ತಿಂಡಿ ಬಡಿಸಿ, ಒಂಬತ್ತಕ್ಕೆ ಸರಿಯಾಗಿ ಫಿಲೋಮಿನಾ ಮೇಡಂ ಜೊತೆ ತಾರಸಿ ಹತ್ತಿದರು.

ಹತ್ತಿದವರು ಅಲ್ಲೇ ನಿಂತುಬಿಟ್ಟರು.

ಸುಕುಮಾರಿ ಮೊಗ್ಗಿನ ಜಡೆ ಮುಡಿದು ನಿಂತಿದ್ದಳು! ತುದಿಯಿಂದ ಬುಡದವರೆಗೆ ಸಾಲು ಸಾಲಾಗಿ, ಒಂದು ಮೊಗ್ಗೂ ಆಚೀಚೆಯಾಗದ ಹಾಗೆ ನವಿಲುಗಣ್ಣಿನ ಕಟ್ಟು. ಅವರ ತಾಯಿಯ ಕೈಯಲ್ಲೂ ಅಷ್ಟು ನಾಜೂಕಾಗಿ ಬಂದಿರಲಿಕ್ಕಿಲ್ಲ. ಕೊಂಬೆಗಳಿಗೆ ಹಸಿರು ದಾರದ ಬಳೆ. ಇಕ್ಕಳದ ಕೈ ಕೊನೆಯ ಗಂಟು ಹಾಕಿ ನೂಲು ಕತ್ತರಿಸುತ್ತಿತ್ತು. ಜಡೆಯ ತುದಿಗೆ ಕುಚ್ಚು ಬೇಕಲ್ಲ? ಡ್ರಮ್ಮಿನ ಮರೆಯಲ್ಲಿದ್ದ ಆ ಆರು ಹೂವನ್ನೇ ಕಿತ್ತು, ಸೂಜಿಯಿಂದ ಪೋಣಿಸಿ, ಕುಚ್ಚು ಕಟ್ಟಿತ್ತು.

ಟಿಕೆಟ್ ಡಬ್ಬಿ ಕಟಕಟನೆ ಒಂದು ಚೀಟಿ ಉಗುಳಿತು. "ನಮ್ಮ ಚಿರಂಜೀವಿ ಸೌಭಾಗ್ಯವತಿ ಸುಕುಮಾರಿಯ ಸೀಮಂತಕ್ಕೆ ಆದರದ ಸ್ವಾಗತ. ಹೊಟ್ಟೆಯಲ್ಲಿ ನಾನೂರ ಹನ್ನೆರಡು."

"ಅಮ್ಮಾ..." ಎಂದರು ಫಿಲೋಮಿನಾ ಮೇಡಂ. ಕೈಯಲ್ಲಿದ್ದ ಪುಟ್ಟ ಎಣ್ಣೆ ಶೀಶೆಯನ್ನು ಚೀಲಕ್ಕೆ ಹಿಂದಕ್ಕೆ ಹಾಕುವಾಗ ಅವರ ಕಣ್ಣೂ ತುಂಬಿತ್ತು. "ಹೂ ಕಿತ್ತಿದಾರೆ. ನಾನೇನೂ ಮಾಡೋ ಹಾಗಿಲ್ಲ. ಇಡೀ ಗಿಡ ಜಪ್ತಿ."

"ಮೇಡಂ, ಆ ಜಡೆ ಒಂದು ಬಿಚ್ಚಿಕೊಡಿ. ನನ್ನ ಮಗಳಿಗೆ."

"ಜಪ್ತಿ ಆದ ಗಿಡದಿಂದ ಒಂದೆಳೆ ನೂಲೂ ತೆಗೆಯೋ ಹಾಗಿಲ್ಲ ಅಮ್ಮಾ. ಕ್ಷಮಿಸಿಬಿಡಿ."

ಗುರುಮಲ್ಲಪ್ಪನವರು ಸರಕ್ಕನೆ ಯಂತ್ರದ ಮುಂದೆ ಮಂಡಿಯೂರಿದರು. "ದಾಕ್ಷಾಯಿಣಿ, ಇನ್ನೊಂದು ಬುಟ್ಟಿ ಮೊಗ್ಗು ಹಾಗೇ ಇದೆ! ಇದಕ್ಕೆ ಜಡೆ ಹೊಲಿಯೋಕೆ ಬರುತ್ತೆ ಅಂತ ಆಯ್ತಲ್ಲ! ಕೇಳು, ನೀನೇ ಕೇಳು, ನೀನು ಕಲಿಸಿದ್ದು!"

ಸುತ್ತಿಗೆಯಿಂದ ಒಡೆಯಬೇಕೆಂದಿದ್ದ ಯಂತ್ರದ ಮುಂದೆ ದಾಕ್ಷಾಯಿಣಿಯವರು ಊದಿದ ಎರಡೂ ಕೈ ಜೋಡಿಸಿದರು. ಮಾನ ಮರ್ಯಾದೆ ಯೋಚಿಸುವ ಹೊತ್ತಲ್ಲ ಅದು. "ಅಪ್ಪಾ, ನನ್ನ ಮಗಳಿಗೂ ಒಂದು ಹೊಲಿದುಕೊಡು. ನಾಳೆ ಬೆಳಿಗ್ಗೆ ಮದುವೆ. ನಿನಗೆ ಕೈ ಮುಗೀತೀನಿ."

ಕಣ್ಣು ಮಿಟುಕಿತು. ಚೀಟಿ ಬಂತು. "ಮದುಮಗಳ ಹೆಸರು? ವರನ ಹೆಸರು?"

"ನೀಲಾಂಬಿಕಾ. ರೇವಣ್ಣ."

ಯಂತ್ರ ಬಹಳ ಹೊತ್ತು ಗುರ್ರೆಂದಿತು. ಕೈ ಮೆಲ್ಲಗೆ ಎದ್ದು ಮೊಗ್ಗಿನ ಬುಟ್ಟಿಯ ಮೇಲೆ ಬಂದು ನಿಂತಿತು. ದಾಕ್ಷಾಯಿಣಿಯವರು ಬುಟ್ಟಿಯನ್ನು ಇನ್ನಷ್ಟು ಹತ್ತಿರ ತಳ್ಳಿದರು. ಆಮೇಲೆ ಕೈ ಮಡಿಚಿಕೊಂಡಿತು, ಕೊನೆಯ ಚೀಟಿ ಹೊರಬಿತ್ತು.

"ಗುಣ ಒಂಬತ್ತು. ಈ ಸಂಬಂಧಕ್ಕೆ ಒಪ್ಪಿಗೆ ಇಲ್ಲ. ಬೇರೆ ವರ ನೋಡೋಣವೇ?"

ಸುಕುಮಾರಿಯನ್ನು ಇಲಾಖೆಯ ಜೀಪಿಗೆ ಹತ್ತಿಸಿದಾಗ ಬೀದಿಯ ಹೆಂಗಸರೆಲ್ಲ ಹೊರಗೆ ಬಂದಿದ್ದರು. ಜಡೆ ಮುಡಿದವಳು ಮನೆ ಬಿಟ್ಟು ಹೊರಟರೆ ಸುಣ್ಣದಕೇರಿಯಲ್ಲಿ ಅಳುವುದು ರೂಢಿ. ಪುಟ್ತಾಯಮ್ಮ ಮಡಿಲಿಗೆ ಎಂದು ಕುಂಡಕ್ಕೆ ಒಂದು ಹಿಡಿ ಅಕ್ಕಿ ಹಾಕಿದರು. ಹಿಂದಿನ ಸೀಟಿನಲ್ಲಿ ಸಾಕ್ಷಿಯಾಗಿ ಯಂತ್ರವನ್ನೂ ಇಟ್ಟರು. ದಾಕ್ಷಾಯಿಣಿಯವರು ಉಳಿದ ಬುಟ್ಟಿಯ ಮುಂದೆ ಕೂತು ಸೂಜಿ ಹಿಡಿದರು. ಏಳು ಮೊಗ್ಗು ಪೋಣಿಸಿದ ಮೇಲೆ ಸೂಜಿ ಕೈಯಿಂದ ಜಾರಿತು, ಮತ್ತೆ ಎತ್ತಿಕೊಳ್ಳಲು ಬೆರಳು ಮಡಿಚಲಿಲ್ಲ. ನೀಲಿ ಬಂದು ತಾಯಿಯ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಸಂಜೆಯ ಹೊತ್ತಿಗೆ ಬುಟ್ಟಿ ತುಂಬ ಮೊಗ್ಗು ತಾನಾಗಿಯೇ ಬಿರಿದು, ಮನೆಯೆಲ್ಲ ಘಮಘಮ ಎನ್ನುತ್ತಿತ್ತು. ಅರಳಿದ ಹೂವಿನಲ್ಲಿ ಜಡೆ ಹೊಲಿಯಲು ಬರುವುದಿಲ್ಲ.

ಮಾರನೆಯ ದಿನ ನೀಲಾಂಬಿಕಾ ಮಾರುಕಟ್ಟೆಯ ಎರಡು ಮೊಳ ಕಟ್ಟಿದ ಹೂವು ಮುಡಿದು ಹಸೆಮಣೆಗೆ ಬಂದಳು. ಛತ್ರದ ತುಂಬ ದಾಕ್ಷಾಯಿಣಿಯವರಿಂದ ಜಡೆ ಹೊಲಿಸಿಕೊಂಡಿದ್ದ ಹೆಂಗಸರೇ. ಎಲ್ಲರ ಕಣ್ಣೂ ಹುಡುಗಿಯ ಬೆನ್ನ ಮೇಲೆ.

"ಅಲ್ರೀ ದಾಕ್ಷಾಯಿಣಿ," ಎಂದು ಒಬ್ಬರು ಕೊನೆಗೆ ಕೇಳಿಯೇಬಿಟ್ಟರು. "ಊರಿಗೆಲ್ಲಾ ಹೊಲಿದುಕೊಟ್ಟು, ನಿಮ್ಮ ಮಗಳಿಗೇ ಒಂದು ಜಡೆ ಇಲ್ವಾ?"

ದಾಕ್ಷಾಯಿಣಿಯವರು ಊದಿದ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು.

"ಹೊಲಿದಾಗಿತ್ತು ಕಣ್ರೀ. ಮನೇಲಿ ಇನ್ನೊಬ್ಬಳು ಬಸುರಿ ಇದ್ದಳು, ಅವಳ ಸೀಮಂತಕ್ಕೆ ಹೋಯ್ತು. ಅವಳೀಗ ಕಸ್ಟಡೀಲಿದಾಳೆ."